ಡಾಸ್ ಪಿಸಿಗಳಲ್ಲಿ ಡೂಮ್

ಡೂಮ್: ಅಮೆರಿಕದ ಟೆಕ್ಸಸ್ ರಾಜ್ಯದ ಮೆಸ್ಕೀಟ್ ಊರಿನ ಇಡ್ ಸಾಫ್ಟ್‌ವೇರ್ ಸಂಸ್ಥೆ 1993ರ ಡಿಸೆಂಬರ್ 10ರಂದು ಹೊರತಂದ ಕಂಪ್ಯೂಟರ್ ಆಟ. ಮಂಗಳನ ಉಪಗ್ರಹವೊಂದರಲ್ಲಿ ಒಂಟಿಯಾಗಿ ಉಳಿದ ಸೈನಿಕ, ನರಕದಿಂದ ನುಗ್ಗಿ ಬಂದ ರಾಕ್ಷಸರನ್ನು ಗುಂಡಿಕ್ಕಿ ಕೊಲ್ಲುತ್ತ ಬೀಗದ ಕೈ ಹುಡುಕಿಕೊಂಡು ಮುಂದೆ ಸಾಗಬೇಕು. ಕಥೆ ಅಂತ ಇದ್ದರೆ ಅಷ್ಟೇ. ಆ ಸೈನಿಕನ ಕಣ್ಣಿಗೆ ಏನು ಬೀಳುತ್ತದೋ ಆಟಗಾರನಿಗೂ ಅದೇ ಕಾಣುತ್ತದೆ. ಎಂಎಸ್-ಡಾಸ್ ಪಿಸಿಗೆಂದೇ ಬರೆದ ಆಟವಾದ್ದರಿಂದ, ಅದನ್ನು ಯಂತ್ರಕ್ಕೆ ಹೊಂದಿಸಿ ಓಡಿಸಲು ಜನ ಪಟ್ಟ ಪಾಡೂ ಅದರ ಚರಿತ್ರೆಯ ಭಾಗವೇ ಆಗಿದೆ.

ಹಿನ್ನೆಲೆ

1990ರ ಸುಮಾರಿಗೆ ಪಿಸಿಯೆಂದರೆ ಲೆಕ್ಕಪತ್ರದ ಯಂತ್ರ. ನುಣುಪಾಗಿ ಸರಿಯುವ ಚಿತ್ರ ಬೇಕಿದ್ದವರು ನಿಂಟೆಂಡೊ ಅಥವಾ ಅಮಿಗಾ ಕೊಳ್ಳುತ್ತಿದ್ದರು. ಲೂಯಿಸಿಯಾನದ ಶ್ರೀವ್‌ಪೋರ್ಟಿನ ಸಾಫ್ಟ್‌ಡಿಸ್ಕ್ ಕಂಪನಿಯಲ್ಲಿದ್ದ ಜಾನ್ ಕಾರ್ಮ್ಯಾಕ್, ಜಾನ್ ರೊಮೆರೊ, ಟಾಮ್ ಹಾಲ್ ಮತ್ತು ಏಡ್ರಿಯನ್ ಕಾರ್ಮ್ಯಾಕ್ (ಇಬ್ಬರು ಕಾರ್ಮ್ಯಾಕರಿಗೂ ನೆಂಟಸ್ತಿಕೆಯಿಲ್ಲ) ಆ ವರ್ಷದ ಡಿಸೆಂಬರಿನಲ್ಲಿ ಹೊರಬಂದ ಕಮಾಂಡರ್ ಕೀನ್ ಆಟದಲ್ಲಿ ಪಿಸಿಯಿಂದಲೂ ಆ ಕೆಲಸ ಮಾಡಿಸಿ ತೋರಿಸಿದರು. ಮರುವರ್ಷ ಇಡ್ ಹುಟ್ಟಿತು. 1992ರ ವುಲ್ಫೆನ್‌ಸ್ಟೈನ್ 3ಡಿ ಆಟದಲ್ಲಿ ಎಲ್ಲ ಗೋಡೆಗಳದೂ ಒಂದೇ ಎತ್ತರ, ಎಲ್ಲ ಮೂಲೆಗಳೂ ಲಂಬಕೋನ, ಎಲ್ಲೆಡೆ ಒಂದೇ ಬೆಳಕು. ಡೂಮ್‌ನಲ್ಲಿ ಮೆಟ್ಟಿಲು ಬಂತು, ಓರೆ ಗೋಡೆ ಬಂತು, ಮಿಣುಕುವ ದೀಪ ಮತ್ತು ಗಾಢ ಕತ್ತಲೆ ಬಂದವು. ಯಾವ ಗೋಡೆ ಮುಂದೆ, ಯಾವುದು ಹಿಂದೆ ಎಂಬುದನ್ನು ನಕ್ಷೆ ತಯಾರಿಸುವಾಗಲೇ ಲೆಕ್ಕ ಹಾಕಿ, ಜಾಗವನ್ನು ಎರಡೆರಡಾಗಿ ಸೀಳುತ್ತ ಹೋಗುವ ಬಿಎಸ್‌ಪಿ ಮರದ ರೂಪದಲ್ಲಿ ಇಡಲಾಗಿತ್ತು. ಆಡುವ ಹೊತ್ತಿಗೆ ಪ್ರೊಸೆಸರಿಗೆ ಉಳಿಯುವ ಕೆಲಸ ಕಡಿಮೆ. ನಿಜವಾದ ಮೂರು ಆಯಾಮ ಇದಲ್ಲ. ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇಡಲು ಆಗುತ್ತಿರಲಿಲ್ಲ. ಆಡುವವರಿಗೆ ಅದು ತೋಚಲೇ ಇಲ್ಲ ಎನ್ನುವುದು ಬೇರೆ ಮಾತು.

ಮಾರಾಟ ಶೇರ್‌ವೇರ್ ಪದ್ಧತಿಯಲ್ಲಿ ನಡೆಯಿತು. ಒಂಬತ್ತು ಹಂತಗಳ ಮೊದಲ ಕಂತು ಉಚಿತ, ಯಾರು ಯಾರಿಗೆ ಬೇಕಾದರೂ ಪ್ರತಿ ಮಾಡಿ ಕೊಡಬಹುದು. ಉಳಿದೆರಡು ಕಂತು ಬೇಕಾದರೆ ಕಂಪನಿಗೆ ಹಣ ಕಟ್ಟಿ ತರಿಸಿಕೊಳ್ಳಬೇಕು. ಬಿಡುಗಡೆಯ ದಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಎಫ್‌ಟಿಪಿ ಸರ್ವರಿನಲ್ಲಿ ಕಾದು ಕುಳಿತವರು ಎಷ್ಟಿದ್ದರೆಂದರೆ, ಆಟವನ್ನು ಅಲ್ಲಿಗೆ ಏರಿಸಬೇಕಾದ ಇಡ್‌ನವರಿಗೇ ಒಳಗೆ ಜಾಗ ಸಿಗಲಿಲ್ಲ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಅಲ್ಲಿಯತನಕ, ಅದಾದ ಮೇಲೂ ಬಹುಕಾಲ, ಇಂಥ ಆಟಗಳು ಇಲ್ಲಿ ಕೈಯಿಂದ ಕೈಗೆ ಫ್ಲಾಪಿಯಲ್ಲೇ ಓಡಾಡಿದವು. ಉಚಿತ ಕಂತು 1.44 ಎಂಬಿಯ ಎರಡು ಫ್ಲಾಪಿಗಳಲ್ಲಿ ಹಿಡಿಸುತ್ತಿತ್ತು. ಎರಡನೆಯದು ಕೆಟ್ಟಿದ್ದರೆ ಮೊದಲನೆಯದರಿಂದ ಪ್ರಯೋಜನವಿಲ್ಲ.

ಯಂತ್ರ ಮತ್ತು ಮೆಮೊರಿ

ಆಟಕ್ಕೆ ಕನಿಷ್ಠ 386 ಪ್ರೊಸೆಸರ್, 4 ಎಂಬಿ ರ‍್ಯಾಮ್, ವಿಜಿಎ ಕಾರ್ಡ್ ಬೇಕು. ಚಿತ್ರ 320×200 ಚುಕ್ಕಿಗಳದು, ಬಣ್ಣ 256. ಡೂಮ್ ದಶಮಾಂಶದ ಲೆಕ್ಕವನ್ನೆಲ್ಲ ಪೂರ್ಣಾಂಕಗಳಲ್ಲೇ ಮುಗಿಸುತ್ತಿದ್ದುದರಿಂದ, ಗಣಿತದ ಪ್ರತ್ಯೇಕ ಘಟಕವಿಲ್ಲದ ಅಗ್ಗದ 486 ಎಸ್‌ಎಕ್ಸ್ ಕೂಡ ಅದೇ ವೇಗದ ಡಿಎಕ್ಸ್‌ಗೆ ಸಮವಾಗಿ ಓಡುತ್ತಿತ್ತು. ಹಳೆಯ ಐಸಾ ಸ್ಲಾಟಿನ ವಿಜಿಎ ಕಾರ್ಡಿದ್ದರೆ ಮಾತ್ರ ಎಂಥ ಪ್ರೊಸೆಸರ್ ಹಾಕಿದರೂ ಚಿತ್ರ ಪರದೆಗೆ ತಲುಪುವ ದಾರಿಯಲ್ಲೇ ತಡವಾಗುತ್ತಿತ್ತು. ಆ ದಾರಿಯನ್ನು ಚುರುಕಾಗಿಸುವ ವೀಸಾ ಲೋಕಲ್ ಬಸ್ ಇದ್ದ 486 ಡಿಎಕ್ಸ್2-66 ಆ ಕಾಲದ ಆಟಗಾರರು ಆಸೆಪಟ್ಟ ಯಂತ್ರ. 386 ಇದ್ದವರು ಮೈನಸ್ ಕೀ ಒತ್ತೊತ್ತಿ ಆಟದ ಕಿಟಕಿಯನ್ನು ಕಿರಿದಾಗಿಸಿ, ಎಫ್5 ಒತ್ತಿ ಚಿತ್ರದ ವಿವರ ತಗ್ಗಿಸಿ, ಅಂಚೆಚೀಟಿಗಿಂತ ತುಸು ದೊಡ್ಡ ಚೌಕದಲ್ಲಿ ಆಡಿದರು.

ಕಾಲವನ್ನು ಆಟ ಪ್ರೊಸೆಸರಿನ ವೇಗದಿಂದ ಅಳೆಯುತ್ತಿರಲಿಲ್ಲ. ಸೆಕೆಂಡಿಗೆ 35 ಬಾರಿ ಮಿಡಿಯುವ ತನ್ನದೇ ಗಡಿಯಾರ ಇಟ್ಟುಕೊಂಡಿತ್ತು. ಅದಕ್ಕೂ ಹಿಂದಿನ ಎಷ್ಟೋ ಆಟಗಳು ಹೊಸ ಯಂತ್ರದಲ್ಲಿ ಹಿಡಿತಕ್ಕೆ ಸಿಗದಂತೆ ಧಾವಿಸುತ್ತಿದ್ದವು. ಪೆಟ್ಟಿಗೆಯ ಮುಂದಿನ ಟರ್ಬೊ ಗುಂಡಿ ಒತ್ತಿ ಯಂತ್ರವನ್ನು ನಿಧಾನ ಮಾಡದಿದ್ದರೆ ಅವನ್ನು ಆಡುವುದೇ ಅಸಾಧ್ಯ. ಡೂಮ್‌ಗೆ ಆ ಗುಂಡಿ ಬೇಕಾಗಲಿಲ್ಲ. ನಿಧಾನದ ಯಂತ್ರದಲ್ಲಿ ಚಿತ್ರ ಕುಪ್ಪಳಿಸಿದರೂ ರಾಕ್ಷಸನ ನಡಿಗೆ ನಿಧಾನವಾಗುತ್ತಿರಲಿಲ್ಲ, ಆಟಗಾರನಿಗೆ ಅದೇ ಫಜೀತಿ.

ನಿಜವಾದ ತಲೆನೋವು ಮೆಮೊರಿ. ಡಾಸ್ ತನ್ನ ಪ್ರೋಗ್ರಾಮುಗಳಿಗೆ ಬಿಟ್ಟುಕೊಡುತ್ತಿದ್ದುದು 640 ಕೆಬಿ ಮಾತ್ರ. ಡೂಮ್ ವ್ಯಾಟ್ಕಾಮ್ ಸಿ ಕಂಪೈಲರಿನೊಡನೆ ಬರುತ್ತಿದ್ದ ಡಾಸ್/4ಜಿಡಬ್ಲ್ಯು ಎಂಬ ಎಕ್ಸ್‌ಟೆಂಡರ್ ಬಳಸಿ ಆ ಗಡಿ ದಾಟಿ, ಮೇಲಿನ ಮೆಮೊರಿಯನ್ನೆಲ್ಲ ನೇರವಾಗಿ ಹಿಡಿಯಿತು. ಆದರೆ ಯಂತ್ರದಲ್ಲಿರುವುದೇ 4 ಎಂಬಿ ಆದಾಗ ಅದರಲ್ಲಿ ಪಾಲು ಕೇಳುವವರು ಯಾರೂ ಇರಬಾರದು. ಡಿಸ್ಕನ್ನು ಚುರುಕಾಗಿಸಲು ಹಾಕಿಕೊಂಡ ಸ್ಮಾರ್ಟ್‌ಡ್ರೈವ್ ದೊಡ್ಡ ತುತ್ತನ್ನೇ ನುಂಗಿರುತ್ತಿತ್ತು. ಆದ್ದರಿಂದ ಬಲ್ಲವರು ಆಟಕ್ಕೆಂದೇ ಬೂಟ್ ಫ್ಲಾಪಿ ಮಾಡಿಡುತ್ತಿದ್ದರು. ಡಾಸ್ ಶುರುವಾಗುವಾಗ ಓದುವ ಅದರ ಕಾನ್ಫಿಗ್.ಸಿಸ್ ಕಡತದಲ್ಲಿ ಮೇಲಿನ ಮೆಮೊರಿ ತೆರೆಯುವ ಹೈಮೆಮ್ ಮತ್ತು ಒಂದೆರಡು ಸಾಲು, ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ಮೌಸಿನ ಡ್ರೈವರ್ ಮತ್ತು ಸೌಂಡ್ ಕಾರ್ಡಿನ ವಿಳಾಸ, ಮತ್ತೇನಿಲ್ಲ. 1993ರಲ್ಲೇ ಬಂದ ಎಂಎಸ್-ಡಾಸ್ 6 ಈ ಕಷ್ಟವನ್ನು ಸ್ವಲ್ಪ ಇಳಿಸಿತು: ಶುರುವಿನಲ್ಲೇ ಒಂದು ಮೆನು ಕೊಟ್ಟು ‘ಕೆಲಸಕ್ಕೆ ಹೀಗೆ, ಆಟಕ್ಕೆ ಹಾಗೆ’ ಎಂದು ಬೇರೆಬೇರೆ ಸಿದ್ಧತೆ ಇಡಬಹುದಾಗಿತ್ತು. ಪಿಸಿ ಒಳಗೆ ಏನು ನಡೆಯುತ್ತದೆಂದು ಒಂದು ಇಡೀ ತಲೆಮಾರು ಕಲಿತದ್ದು ಪಠ್ಯಪುಸ್ತಕದಿಂದಲ್ಲ, ಈ ಎರಡು ಕಡತಗಳನ್ನು ತಿದ್ದಿ ತಿದ್ದಿ.

ಸೆಟಪ್

ಆಟದ ಜೊತೆಗೆ ಬರುತ್ತಿದ್ದ ಸೆಟಪ್ ಪ್ರೋಗ್ರಾಮು ಸಂಗೀತಕ್ಕೆ ಯಾವ ಕಾರ್ಡು, ಗುಂಡಿನ ಸದ್ದಿಗೆ ಯಾವುದು ಎಂದು ಬೇರೆಬೇರೆಯಾಗಿ ಕೇಳುತ್ತಿತ್ತು. ಕಾರಣವಿದೆ. ಕೆನಡಾದ ಆಡ್‌ಲಿಬ್ ಕಾರ್ಡು (1987) ಯಮಹಾ ಚಿಪ್ಪಿನಿಂದ ಸಂಗೀತವನ್ನಷ್ಟೇ ನುಡಿಸುತ್ತಿತ್ತು. ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ (1989) ಅದೇ ಚಿಪ್ಪಿನ ಜೊತೆಗೆ ದಾಖಲಿಸಿದ ಸದ್ದನ್ನೂ ನುಡಿಸಬಲ್ಲದಾಗಿತ್ತು. ಹಣವಿದ್ದವರು ಸಂಗೀತಕ್ಕೆಂದು ಜನರಲ್ ಮಿಡಿ ಉಪಕರಣ ಇಟ್ಟುಕೊಂಡಿರುತ್ತಿದ್ದರು. ಬಾಬಿ ಪ್ರಿನ್ಸ್ ಕೂಡಿಸಿದ ರಾಗಗಳು ಅದರಲ್ಲಿ ಬೇರೆಯೇ ಕಳೆಗಟ್ಟುತ್ತವೆ. ಯಾವ ಕಾರ್ಡೂ ಇಲ್ಲದವರಿಗೆ ಪೆಟ್ಟಿಗೆಯೊಳಗಿನ ಪುಟ್ಟ ಸ್ಪೀಕರಿನ ಕೀಚು ಸದ್ದೇ ಗತಿ, ಸಂಗೀತವಿಲ್ಲ.

ಕಾರ್ಡು ಆರಿಸಿದ ಮೇಲೆ ಮೂರು ಅಂಕಿ ಹೇಳಬೇಕು: ಪೋರ್ಟ್ 220, ಐಆರ್‌ಕ್ಯೂ 5 ಅಥವಾ 7, ಡಿಎಂಎ 1. ಪೋರ್ಟ್ ಎಂದರೆ ಕಾರ್ಡಿನ ವಿಳಾಸ, ಡಿಎಂಎ ಎಂದರೆ ಪ್ರೊಸೆಸರನ್ನು ತಟ್ಟದೆ ಮೆಮೊರಿಯಿಂದ ಸದ್ದು ಸಾಗುವ ದಾರಿ, ಐಆರ್‌ಕ್ಯೂ ಎಂದರೆ ಉಪಕರಣ ಪ್ರೊಸೆಸರನ್ನು ಎಬ್ಬಿಸುವ ಕರೆಗಂಟೆ. ಒಂದೇ ಗಂಟೆಗೆ ಇಬ್ಬರು ಕೈಯಿಟ್ಟರೆ ಕೆಲಸ ಕೆಟ್ಟಿತು. 7ನೆಯದು ಮುದ್ರಕಕ್ಕೆ ಮೀಸಲಾದ್ದು, ಹಾಗಾಗಿ ಎಷ್ಟೋ ಜನ ಪೆಟ್ಟಿಗೆ ಬಿಚ್ಚಿ, ಕಾರ್ಡಿನ ಮೇಲಿನ ಜಂಪರ್ ಕಿತ್ತು 5ಕ್ಕೆ ಹಾಕುತ್ತಿದ್ದರು. ಅಂಕಿ ತಪ್ಪಿದರೆ ಸದ್ದು ಬರುವುದಿಲ್ಲ, ಇಲ್ಲವೇ ಆಟ ಶುರುವಿನಲ್ಲೇ ಕಲ್ಲಾಗಿ ನಿಲ್ಲುತ್ತದೆ. ಎಲ್ಲ ಸರಿಯಿದ್ದರೆ ‘ಡೂಮ್ ರಿಫ್ರೆಶ್ ಡೀಮನ್’ ಎಂಬ ಸಾಲಿನ ಮುಂದೆ ಚುಕ್ಕಿಗಳು ಒಂದೊಂದಾಗಿ ಮೂಡಿ, ಪರದೆ ಕಪ್ಪಾಗಿ, ಆಟ ತೆರೆದುಕೊಳ್ಳುತ್ತಿತ್ತು.

ಆಡುವ ಕ್ರಮ ಸರಳ. ಬಾಣದ ಕೀಗಳಿಂದ ನಡಿಗೆ, ಕಂಟ್ರೋಲ್‌ನಿಂದ ಗುಂಡು, ಶಿಫ್ಟ್ ಹಿಡಿದರೆ ಓಟ, ಆಲ್ಟ್ ಹಿಡಿದರೆ ಮಗ್ಗುಲಿಗೆ ಸರಿತ, ಸ್ಪೇಸ್ ಒತ್ತಿದರೆ ಬಾಗಿಲು. ಮೇಲೆ ಕೆಳಗೆ ಗುರಿಯಿಡುವ ಗೊಡವೆಯಿಲ್ಲ. ನೇರ ನಿಂತರೆ ಎತ್ತರದಲ್ಲಿರುವ ಶತ್ರುವಿಗೂ ಗುಂಡು ತಗಲುತ್ತದೆ. ಮೌಸ್ ಮುಂದೆ ತಳ್ಳಿದರೆ ನೋಟ ಮೇಲೇಳುವುದಿಲ್ಲ, ಸೈನಿಕನೇ ಮುಂದೆ ಹೋಗುತ್ತಾನೆ. ಇಂದಿನ ಆಟಗಳ ರೂಢಿಯವರು ಹಳೆಯ ಯಂತ್ರದಲ್ಲಿ ಕುಳಿತಾಗ ಮೊದಲು ಮುಗ್ಗರಿಸುವುದು ಇಲ್ಲೇ.

ಜೊತೆಗೂಡಿ ಆಡುವುದು

ಎರಡು ಪಿಸಿಗಳನ್ನು ನಲ್ ಮೋಡೆಮ್ ಕೇಬಲಿನಿಂದಲೋ ದೂರವಾಣಿ ಮೂಲಕವೋ, ನಾಲ್ಕರವರೆಗೆ ಆಫೀಸುಗಳಲ್ಲಿದ್ದಂಥ ಐಪಿಎಕ್ಸ್ ಜಾಲದಲ್ಲೋ ಜೋಡಿಸಬಹುದಿತ್ತು. ಒಬ್ಬರನ್ನೊಬ್ಬರು ಬೇಟೆಯಾಡುವ ಈ ಬಗೆಗೆ ರೊಮೆರೊ ಇಟ್ಟ ಡೆತ್‌ಮ್ಯಾಚ್ ಎಂಬ ಹೆಸರು ಇಂದಿಗೂ ನಿಂತಿದೆ. ಕೇಬಲಿನಲ್ಲಿ ಹರಿಯುತ್ತಿದ್ದುದು ಚಿತ್ರವಲ್ಲ, ಯಾರು ಯಾವ ಕೀ ಒತ್ತಿದರು ಎಂಬ ಸುದ್ದಿ ಮಾತ್ರ. ಪ್ರತಿ ಯಂತ್ರವೂ ಅದರಿಂದ ಇಡೀ ಆಟವನ್ನು ತಾನೇ ಲೆಕ್ಕ ಹಾಕಿಕೊಳ್ಳಬೇಕು. ಒಬ್ಬರ ಪಿಸಿ ಬಡಕಲಾದರೆ ಉಳಿದ ಮೂವರೂ ಅದಕ್ಕೆ ಕಾಯಬೇಕಾಗುತ್ತಿತ್ತು. ಮೊದಲ ಆವೃತ್ತಿ ಪ್ರತಿ ಸುದ್ದಿಯನ್ನೂ ಜಾಲದಲ್ಲಿರುವ ಎಲ್ಲ ಯಂತ್ರಗಳಿಗೂ ಸಾರುತ್ತಿತ್ತು, ಆಡದವರ ಯಂತ್ರಕ್ಕೂ ಸಹ. ಜಾಲಗಳು ಉಸಿರುಗಟ್ಟಿದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಂಥ ಕಡೆ ಡೂಮ್ ಆಡಬೇಡಿರೆಂದು ಸೂಚನೆ ಹೊರಟಿತು. 1994ರ ತಿದ್ದುಪಡಿಯಲ್ಲಿ ಈ ದೋಷ ಸರಿಹೋಯಿತು. ಆಫೀಸುಗಳ ಸಿಟ್ಟು ಅಷ್ಟು ಬೇಗ ಇಳಿಯಲಿಲ್ಲ.

ಡಾಸ್ ನಂತರ

ಚಿತ್ರ, ಸದ್ದು, ನಕ್ಷೆಗಳನ್ನೆಲ್ಲ ಇಡ್ ‘ವಾಡ್’ ಎಂಬ ಪ್ರತ್ಯೇಕ ಕಡತದಲ್ಲಿ ಇಟ್ಟಿತ್ತು. ಹೊರಗಿನವರು ಹೊಸ ನಕ್ಷೆ ಬರೆದು ಸೇರಿಸಲೆಂದೇ ಜಾನ್ ಕಾರ್ಮ್ಯಾಕ್ ಹೀಗೆ ಮಾಡಿದರು. ಆಟದ ಆಯುಷ್ಯ ಬೆಳೆದದ್ದು ಈ ಒಂದು ತೀರ್ಮಾನದಿಂದ ಎಂದರೆ ಹೆಚ್ಚಾಗಲಾರದು. 1997ರ ಡಿಸೆಂಬರ್ 23ರಂದು ಮೂಲ ಸಂಕೇತವೂ ಬಯಲಿಗೆ ಬಂತು. ಡಾಸ್ ಆವೃತ್ತಿಯ ಸದ್ದಿನ ಭಾಗ ಬೇರೆಯವರ ಸ್ವತ್ತಾದ್ದರಿಂದ ಕೊಟ್ಟದ್ದು ಲಿನಕ್ಸ್ ಆವೃತ್ತಿಯನ್ನು. 1999ರಲ್ಲಿ ಅದಕ್ಕೆ, ಯಾರು ಬೇಕಾದರೂ ತಿದ್ದಿ ಹಂಚಲು ಬಿಡುವ ಜಿಪಿಎಲ್ ಪರವಾನಗಿ ಸಿಕ್ಕಿತು. ಆಮೇಲೆ ಬಂದ ಹತ್ತಾರು ರೂಪಗಳಲ್ಲಿ ಚಾಕೊಲೇಟ್ ಡೂಮ್ ಗಮನಾರ್ಹ. ಅದು ಹೊಸ ಯಂತ್ರದಲ್ಲಿ ಓಡಿದರೂ ಹಳೆಯ ಆಟದ ದೋಷಗಳನ್ನೂ ಬಿಡದೆ ಕಾಪಾಡುತ್ತದೆ.

ಇತ್ತ ವಿಂಡೋಸ್ ಡಾಸ್‌ನಿಂದ ದೂರ ಸರಿಯಿತು. ಎಕ್ಸ್‌ಪಿಯಲ್ಲಿ ಆಟ ತೆರೆದರೂ ಸದ್ದು ಸರಿಯಾಗಿ ಬರುತ್ತಿರಲಿಲ್ಲ. 64 ಬಿಟ್ ವಿಂಡೋಸಿನಲ್ಲಿ ಡಾಸ್ ಪ್ರೋಗ್ರಾಮುಗಳು ಓಡುವುದೇ ಇಲ್ಲ. 2002ರಲ್ಲಿ ಬಂದ ಡಾಸ್‌ಬಾಕ್ಸ್ ಇಡೀ ಹಳೆಯ ಪಿಸಿಯನ್ನು, ಪೋರ್ಟ್ 220ರ ಸೌಂಡ್ ಬ್ಲಾಸ್ಟರ್ ಸಮೇತ, ತಂತ್ರಾಂಶದಲ್ಲೇ ನಟಿಸುತ್ತದೆ. ಕಂಟ್ರೋಲ್ ಜೊತೆ ಎಫ್11, ಎಫ್12 ಒತ್ತಿ ಆ ಕಲ್ಪಿತ ಯಂತ್ರದ ವೇಗ ಇಳಿಸಬಹುದು, ಏರಿಸಬಹುದು.

ಅಸಲಿ ಯಂತ್ರದಲ್ಲೇ ಆಡಬೇಕೆನ್ನುವ ಹವ್ಯಾಸಿಗಳೂ ಉಳಿದಿದ್ದಾರೆ. ಹಳೆಯ 386, 486 ಮದರ್‌ಬೋರ್ಡ್ ಕೈಗೆ ಸಿಕ್ಕರೆ ಅವರು ಮೊದಲು ನೋಡುವುದು ಗಡಿಯಾರದ ಬ್ಯಾಟರಿಯನ್ನು. ಸೋರಿದ ರಸ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕಿರುತ್ತದೆ. ಕೆಟ್ಟ ಹಾರ್ಡ್ ಡಿಸ್ಕಿನ ಜಾಗಕ್ಕೆ ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಅಡಾಪ್ಟರ್ ಮೂಲಕ ಕೂಡಿಸುತ್ತಾರೆ. ಇಂಥವರ ನಡುವಿನಿಂದಲೇ ಫಾಸ್ಟ್‌ಡೂಮ್ ಬಂದಿದೆ. ಬಯಲಾದ ಮೂಲ ಸಂಕೇತವನ್ನು ಡಾಸ್‌ಗೇ ಮರಳಿ ತಂದು, 386 ಮತ್ತು 486ಗಳಲ್ಲಿ 1993ರ ಮೂಲ ಆಟಕ್ಕಿಂತ ವೇಗವಾಗಿ ಓಡುವಂತೆ ತಿದ್ದಿದ ರೂಪ ಇದು.