ಮಕ್ಕಳ ಸ್ಥೌಲ್ಯವೂ ಮಧ್ಯಕರ್ಣದ ವ್ಯಾಧಿಯೂ: ಸೇಡಂ ಸೀಮೆಯನ್ನು ಕುರಿತು ಒಂದು ಚಾರಿತ್ರಿಕ ವಿಚಾರ

ಸ್ಥೂಲಕಾಯದ ಮಕ್ಕಳಲ್ಲಿ ಮಧ್ಯಕರ್ಣದ ದೀರ್ಘವ್ಯಾಧಿಯು ಹೆಚ್ಚಾಗಿ ಕಾಣುವುದೆಂಬ ಅಭಿಪ್ರಾಯವು ವೈದ್ಯಶಾಸ್ತ್ರದಲ್ಲಿ ತೀರ ಈಚಿನದು. ಅದು ಹೇಗೆ ರೂಪುಗೊಂಡಿತು, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಬಯಸುತ್ತೇವೆ. ಆಹಾರಕ್ಕೂ ಆರೋಗ್ಯಕ್ಕೂ ಇರುವ ಸಂಬಂಧದ ಚರ್ಚೆ ಈ ಸೀಮೆಗೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಉಗ್ರಾದಿತ್ಯನು ನೃಪತುಂಗನ ಸಭೆಯಲ್ಲಿ ಮಾಂಸಾಹಾರವು ನಿಷ್ಫಲವೆಂದು ವಾದಿಸಿದ ಸಂಗತಿ ಆತನ ಸಂಸ್ಕೃತ ವೈದ್ಯಗ್ರಂಥವಾದ ‘ಕಲ್ಯಾಣಕಾರಕ’ದ ಅಂತ್ಯದಲ್ಲಿ ಉಕ್ತವಾಗಿದೆ. 2021ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಶಾಲಾಮಕ್ಕಳಿಗೆ ಮೊಟ್ಟೆ ಕೊಡತೊಡಗಿದಾಗ ಎದ್ದ ವಿವಾದವನ್ನು ನೆನೆದರೆ ಆ ಚರ್ಚೆ ಮುಗಿಯಿತೆಂದು ಹೇಳುವಂತಿಲ್ಲ.

ಪ್ರಾಚೀನರು ಸ್ಥೌಲ್ಯವನ್ನೂ ಬಲ್ಲರು, ಕರ್ಣರೋಗವನ್ನೂ ಬಲ್ಲರು, ಎರಡನ್ನೂ ಕೂಡಿಸಲಿಲ್ಲ. ಚರಕನು ಅತಿಸ್ಥೂಲನಿಗೆ ಎಂಟು ದೋಷಗಳನ್ನು ಎಣಿಸುತ್ತಾನೆ: ಆಯುಷ್ಯದ ಇಳಿತ, ದೌರ್ಬಲ್ಯ, ಬೆವರಿನ ಬಾಧೆ, ಅತಿಯಾದ ಹಸಿವು ನೀರಡಿಕೆ ಮುಂತಾದವು. ಕಿವಿ ಅವುಗಳಲ್ಲಿಲ್ಲ. ಸುಶ್ರುತನು ಇಪ್ಪತ್ತೆಂಟು ಕರ್ಣರೋಗಗಳನ್ನು ವಿವರಿಸುತ್ತಾನೆ. ಅವುಗಳಲ್ಲಿ ಕರ್ಣಸ್ರಾವಕ್ಕೆ, ಎಂದರೆ ನಮ್ಮ ಜನರು ‘ಕಿವಿ ಸೋರುವುದು’ ಎನ್ನುವ ರೋಗಕ್ಕೆ, ಆತನು ಹೇಳುವ ಕಾರಣಗಳು ಮೂರು: ತಲೆಗೆ ಬಿದ್ದ ಪೆಟ್ಟು, ನೀರಿನಲ್ಲಿ ಮುಳುಗುವುದು, ಒಳಗಿನ ಕುರು ಪಕ್ವವಾಗುವುದು. ದೇಹದ ತೂಕದ ಮಾತು ಅಲ್ಲಿಲ್ಲ.

ಪಶ್ಚಿಮದಲ್ಲಿ 16ನೆಯ ಶತಮಾನದ ಯೂಸ್ಟೇಕಿಯು ಮೂಗಿನ ಹಿಂಬದಿಯಿಂದ ಮಧ್ಯಕರ್ಣಕ್ಕೆ ಹೋಗುವ ನಳಿಕೆಯನ್ನು ವಿವರಿಸಿದನು. 1704ರಲ್ಲಿ ವಲ್ಸಾಲ್ವನು ಅದಕ್ಕೆ ಆತನ ಹೆಸರನ್ನೇ ಇಟ್ಟನು. ಮಕ್ಕಳಲ್ಲಿ ಈ ನಳಿಕೆ ಗಿಡ್ಡ, ಬಹುಮಟ್ಟಿಗೆ ಅಡ್ಡ. ಆದ್ದರಿಂದಲೇ ನೆಗಡಿಯ ಸೋಂಕು ಸುಲಭವಾಗಿ ಕಿವಿಗೇರುತ್ತದೆ. ಇದಕ್ಕೆ ತೂಕವನ್ನು ಸಂಬಂಧಿಸುವ ಪ್ರಯತ್ನವು ನಮ್ಮ ಶತಮಾನದ್ದು. ಮಧ್ಯಕರ್ಣದಲ್ಲಿ ದ್ರವ ನಿಂತ ಮಕ್ಕಳಲ್ಲಿ ಸ್ಥೌಲ್ಯ ಹೆಚ್ಚೆಂದು ಕೊರಿಯದ ವೈದ್ಯರು 2007ರಲ್ಲಿ ಪ್ರಕಟಿಸಿದರು. ಮರುವರ್ಷ ಅಮೆರಿಕದ ಲಿಂಡಾ ಬಾರ್ತೊಷಕ್ ಕಾರ್ಯಕಾರಣವನ್ನು ತಿರುವುಮುರುವಾಗಿ ನೋಡಿದರು. ನಾಲಗೆಯ ರುಚಿಯನ್ನು ಒಯ್ಯುವ ನರವೊಂದು ಮಧ್ಯಕರ್ಣದ ಮೂಲಕವೇ ಹಾಯುತ್ತದೆ. ಮರಳಿ ಮರಳಿ ಬರುವ ಸೋಂಕಿನಿಂದ ಅದು ಕೆಟ್ಟರೆ ಜಿಡ್ಡಿನ ತಿನಿಸು ಹೆಚ್ಚು ಹಿತವೆನಿಸಿ, ತೂಕ ಆಮೇಲೆ ಏರಬಹುದು. ಎಂದರೆ ಸ್ಥೌಲ್ಯವು ಕಿವಿಯ ರೋಗಕ್ಕೆ ಕಾರಣವಾಗುವ ಬದಲು ಅದರ ಫಲವೂ ಆಗಿರಬಹುದು. ಎರಡೂ ಪಕ್ಷಗಳಿಗೆ ಆಧಾರವುಂಟು, ತೀರ್ಮಾನವಾಗಿಲ್ಲ.

ನಮ್ಮ ಸೀಮೆಗೆ ಈ ಎರಡನೆಯ ಪಕ್ಷವೇ ಹೆಚ್ಚು ವಿಚಾರಾರ್ಹವೆಂದು ನಮಗೆ ತೋರುತ್ತದೆ. ಇಲ್ಲಿಯ ಮಕ್ಕಳ ಚರಿತ್ರೆಯು ಮುಖ್ಯವಾಗಿ ಕಾರ್ಶ್ಯದ ಚರಿತ್ರೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದಿತು. ಶಹಾಬಾದದಲ್ಲಿಯೂ, 1968ರಲ್ಲಿ ವಾಡಿಯಲ್ಲಿಯೂ ಸಿಮೆಂಟ್ ಕಾರ್ಖಾನೆಗಳು ಎದ್ದವು. ಅಷ್ಟಾದರೂ 2002ರಲ್ಲಿ ಅಕ್ಷರ ದಾಸೋಹವನ್ನು ರಾಜ್ಯದಲ್ಲಿ ಮೊದಲು ತೊಡಗಿದ್ದು ಈ ಜಿಲ್ಲೆಯೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ; ಮೊಟ್ಟೆಯ ಯೋಜನೆಗೂ ಅಪೌಷ್ಟಿಕತೆಯೇ ಕಾರಣವಾಗಿತ್ತು. ಇತ್ತ, ಮಧ್ಯಕರ್ಣದ ದೀರ್ಘಕಾಲದ ಕೀವುರೋಗವು ಅತ್ಯಧಿಕವಾಗಿರುವ ದೇಶಗಳ ಪಂಕ್ತಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 2004ರಲ್ಲಿ ಭಾರತವನ್ನು ಸೇರಿಸಿತು. ಆ ಪಂಕ್ತಿಗೆ ಸೇರಲು ಶೇಕಡಾ 4ನ್ನು ಮೀರಬೇಕು. ಇದು ಕೊರಿಯದ ಮಕ್ಕಳ ದ್ರವರೋಗದಂಥದಲ್ಲ; ತಮಟೆ ಹರಿದು ಕೀವು ಸೋರುವ ರೋಗ. ಇದರ ಬೆನ್ನಿಗಿರುವುವು ಪುಷ್ಟಿಹೀನತೆ, ಇಕ್ಕಟ್ಟಿನ ಮನೆ, ಕೊಳೆನೀರು. ಮಳೆನೀರು ನಿಂತ ಹಳೆಯ ಕಲ್ಲುಗಣಿಯಲ್ಲಿ ಈಜುವ ಹುಡುಗನ ಕಿವಿಗೆ ಸುಶ್ರುತನ ಎರಡನೆಯ ಕಾರಣವು ಕೊರಿಯದ ವಿವರಣೆಗಿಂತ ಹತ್ತಿರವಾದುದು.

ಹಾಗೆಂದು ತೂಕದ ಪ್ರಶ್ನೆಯನ್ನು ಕೈಬಿಡಲಾಗದು. ಜೋಳದ ರೊಟ್ಟಿ, ತೊಗರಿಬೇಳೆಗಳ ಊಟದ ಪಕ್ಕದಲ್ಲಿ ಕರಿದ ಪೊಟ್ಟಣದ ತಿನಿಸು ಹಳ್ಳಿಯ ಅಂಗಡಿಗೂ ಬಂದಿದೆ. ಎಳವೆಯಲ್ಲಿ ಬಡಕಲಾಗಿದ್ದು ಕಿವಿ ಸೋರಿಸಿಕೊಂಡ ಮಗುವೇ ಮುಂದೆ ಈ ತಿನಿಸಿಗೆ ಒಲಿದು ಸ್ಥೂಲವಾಗುವುದೇ ಎಂಬ ಪ್ರಶ್ನೆಯನ್ನು ಇಲ್ಲಿಯೇ ಪರೀಕ್ಷಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ತೀವ್ರ ಅಪೌಷ್ಟಿಕತೆಯೂ ಮಧ್ಯಕರ್ಣದ ಉರಿಯೂತವೂ ಸೇರಿವೆ. ಕಿವಿ ಸೋರುವ ಮಗುವಿನ ತೂಕವನ್ನೂ ಎತ್ತರವನ್ನೂ ಅದೇ ಹಾಳೆಯಲ್ಲಿ ಬರೆದು, ಹತ್ತು ವರ್ಷ ಬಿಡದೆ ಅನುಸರಿಸಿದರೆ ರೋಗ ಮೊದಲೋ ಸ್ಥೌಲ್ಯ ಮೊದಲೋ ಎಂಬುದಕ್ಕೆ ಉತ್ತರ ದೊರೆತೀತು.