ಜೋಡಿರೆಕ್ಕೆಯ ಲೆಕ್ಕ

ಮಾದರಿ ವಿಮಾನಗಳ ಚರಿತ್ರೆಯನ್ನು ಈಚೆಗೆ ಯಾರು ಬರೆಯಹೊರಟರೂ ಅದು ರೇಡಿಯೊದ ಚರಿತ್ರೆಯಾಗಿಬಿಡುತ್ತದೆ. ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು, ಟ್ರಾನ್ಸಿಸ್ಟರ್ ಹೋಗಿ ಚಿಪ್ ಬಂತು, ಎಂಜಿನ್ನಿನ ಜಾಗಕ್ಕೆ ಲಿಥಿಯಂ ಬ್ಯಾಟರಿ ಬಂತು, ಕೊನೆಗೆ ಡ್ರೋನ್ ಬಂತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಜೋಡಿರೆಕ್ಕೆಯ ಹಳೆಯ ಬೈಪ್ಲೇನೊಂದನ್ನು ನಕ್ಷೆಯಿಂದ ಹಿಡಿದು ಕೊನೆಯ ತಂತಿಯವರೆಗೆ ಕೈಯಾರೆ ಕಟ್ಟಿ ಹಾರಿಸುವವರಿಗೆ ಆ ಕಥೆಯಲ್ಲಿ ಸಿಗುವುದು ಒಂದೇ ವಾಕ್ಯ, ಅದೂ ಮರುಕದ್ದು: ನಿವೃತ್ತರ ಕಾಲಕ್ಷೇಪ, ಹಳೆಯದರ ಮೋಹ, ತಾನಾಗಿಯೇ ನಿಂತುಹೋಗುವಂಥದ್ದು. ಈ ಓದಿನಲ್ಲಿ ಎರಡು ದೋಷಗಳಿವೆ. ರೇಡಿಯೊ ಸುಧಾರಿಸಿದ್ದರಿಂದಲೇ ಬೈಪ್ಲೇನ್ ಮಾದರಿಗಳೂ ಸುಧಾರಿಸಿದವು ಎಂದು ಅದು ನಂಬಿಕೊಂಡಿದೆ. 1970ರ ಹೊತ್ತಿಗಾಗಲೇ ರೇಡಿಯೊ ತನ್ನ ಪಾಲಿನ ಮುಖ್ಯ ಕೆಲಸ ಮುಗಿಸಿತ್ತು, ಒಳ್ಳೆಯ ಬೈಪ್ಲೇನ್‌ಗಳು ಬಂದದ್ದು ಆಮೇಲೆ. ಜೊತೆಗೆ, ಕಟ್ಟುವುದೆಂದರೆ ಬರಿಯ ಕೈಚಳಕ ಎಂದು ಅದು ತಿಳಿದಿದೆ. ಕಟ್ಟುವವನ ನಿಜವಾದ ಕೆಲಸ ತೀರ್ಮಾನ ಮಾಡುವುದು: ಮೂಲ ವಿಮಾನದಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಯಾರಿಗೂ ಗೊತ್ತಾಗದಂತೆ ಬದಲಿಸಬೇಕು. ಈ ತೀರ್ಮಾನಗಳು ಹೇಗೆ ಪಕ್ವವಾದವು ಎಂಬುದೇ ಈ ಕ್ಷೇತ್ರದ ಚರಿತ್ರೆ.

ಶುರುವಿನ ಕಾಲವನ್ನು ಬೇಗ ದಾಟಬಹುದು. 1871ರಲ್ಲಿ ಪ್ಯಾರಿಸಿನ ಟ್ಯೂಲರೀಸ್ ತೋಟದಲ್ಲಿ ಅಲ್ಫೋನ್ಸ್ ಪೆನೊ ಬಿಟ್ಟ ರಬ್ಬರ್ ಪಟ್ಟಿಯ ಮಾದರಿ 11 ಸೆಕೆಂಡು ಗಾಳಿಯಲ್ಲಿತ್ತು. 1930ರ ದಶಕದಲ್ಲಿ ಅಮೆರಿಕದ ಬ್ರೌನ್ ಜೂನಿಯರ್ ಎಂಬ ಪುಟ್ಟ ಪೆಟ್ರೋಲ್ ಎಂಜಿನ್ ಮಾರುಕಟ್ಟೆಗೆ ಬಂತು. 1937ರಲ್ಲಿ ಮಿಷಿಗನ್ನಿನ ಕಲಮಜೂನಲ್ಲಿ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು ‘ಗಫ್’ ಎಂಬ ಮಾದರಿಯನ್ನು ರೇಡಿಯೊ ನಿಯಂತ್ರಣದಲ್ಲಿ ಹಾರಿಸಿದರು. ಅದು ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. 1947ರಲ್ಲಿ ರೇ ಆರ್ಡನ್‌ನ ಗ್ಲೋ ಪ್ಲಗ್ ಬಂದು ಎಂಜಿನ್ನಿನ ಮೇಲಿನ ಕಾಯಿಲ್, ಬ್ಯಾಟರಿಗಳ ಭಾರ ಇಳಿಯಿತು. ಆದರೆ ಆ ಕಾಲದ ನಿಯಂತ್ರಣವೆಂದರೆ ರಬ್ಬರ್ ಸುರುಳಿಯಿಂದ ತಿರುಗುವ ಎಸ್ಕೇಪ್‌ಮೆಂಟ್: ಗುಂಡಿ ಒತ್ತಿದರೆ ಚುಕ್ಕಾಣಿ ಪೂರ್ತಿ ಎಡಕ್ಕೆ, ಇನ್ನೊಮ್ಮೆ ಒತ್ತಿದರೆ ಪೂರ್ತಿ ಬಲಕ್ಕೆ. ತಾನಾಗಿಯೇ ನೆಟ್ಟಗೆ ಹಾರುವ ವಿಮಾನವನ್ನು ಆಗಾಗ ಸ್ವಲ್ಪ ತಿರುಗಿಸುವುದಕ್ಕೆ ಇಷ್ಟು ಸಾಕು. ಬೈಪ್ಲೇನ್ ಅಂಥ ಸಾಧುಪ್ರಾಣಿಯಲ್ಲ. 1960ರ ದಶಕದಲ್ಲಿ ಡಿಜಿಟಲ್ ಪ್ರಪೋರ್ಷನಲ್ ರೇಡಿಯೊ ಬಂದು, ಕಡ್ಡಿಯನ್ನು ಎಷ್ಟು ಸರಿಸಿದರೆ ಅಷ್ಟೇ ಸರ್ವೊ ತಿರುಗುವಂತಾದಾಗ ಚುಕ್ಕಾಣಿ, ಎಲಿವೇಟರ್, ಐಲರಾನ್, ಥ್ರಾಟಲ್ ನಾಲ್ಕೂ ಕೈಗೆ ಸಿಕ್ಕವು. 1970ರಲ್ಲಿ ಇಂಗ್ಲೆಂಡಿನ ಕ್ರಾನ್‌ಫೀಲ್ಡ್‌ನಲ್ಲಿ ಸ್ಕೇಲ್ ಮಾದರಿಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ರೇಡಿಯೊದ ಕಥೆ ನನ್ನ ಮಟ್ಟಿಗೆ ಇಲ್ಲಿಗೆ ಮುಗಿಯಿತು. 2000ದ ದಶಕದ 2.4 ಗಿಗಾಹರ್ಟ್ಸ್ ರೇಡಿಯೊ ಅಡ್ಡಸಂಕೇತದ ಭಯ ಕಳೆದದ್ದು ನಿಜ. ಅದು ಬೈಪ್ಲೇನ್‌ಗೆ ಮಾಡಿದ ಉಪಕಾರ, ಮಿಕ್ಕೆಲ್ಲ ವಿಮಾನಗಳಿಗೆ ಮಾಡಿದಷ್ಟೇ.

ಬದಲಾದದ್ದು ಅಳತೆ. ಇದನ್ನು ಟೈಗರ್ ಮಾತ್‌ನ ಅಂಕಿಗಳಲ್ಲೇ ನೋಡಬೇಕು. 1931ರಲ್ಲಿ ಮೊದಲು ಹಾರಿದ ಡಿ ಹ್ಯಾವಿಲೆಂಡ್ ಡಿಎಚ್ 82ರ ರೆಕ್ಕೆಯ ಹರವು 8.94 ಮೀಟರ್, ರೆಕ್ಕೆಗಳ ಒಟ್ಟು ವಿಸ್ತೀರ್ಣ 22.2 ಚದರ ಮೀಟರ್, ಹಾರಾಟದ ಪೂರ್ಣ ತೂಕ 828 ಕಿಲೊ. ಅದನ್ನು ನಾಲ್ಕನೇ ಒಂದಕ್ಕೆ ಇಳಿಸಿದರೆ ಹರವು 2.24 ಮೀಟರ್ ಆಗುತ್ತದೆ, ವಿಸ್ತೀರ್ಣ 16 ಪಟ್ಟು ಇಳಿದು 1.39 ಚದರ ಮೀಟರ್ ಆಗುತ್ತದೆ, ತೂಕ 64 ಪಟ್ಟು ಇಳಿದು ಸುಮಾರು 12.9 ಕಿಲೊ ಆಗುತ್ತದೆ. ಮೂಲದಲ್ಲಿ ಪ್ರತಿ ಚದರ ಮೀಟರ್ ರೆಕ್ಕೆ 37 ಕಿಲೊ ಹೊತ್ತರೆ ಮಾದರಿಯಲ್ಲಿ 9 ಕಿಲೊ ಚಿಲ್ಲರೆ. ಈ ಲೆಕ್ಕದಲ್ಲಿ ಮಾದರಿ ಮೂಲದ ಅರ್ಧ ವೇಗದಲ್ಲಿ ಹಾರುತ್ತದೆ. ಅದರ ತಿರುವು, ಗಾಳಿಗೆ ತೂಗುವ ಬಗೆ ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಜೋಪಾನವಾಗಿ ಕಟ್ಟಿದವರು ಅದನ್ನು 8 ಕಿಲೊ ಒಳಗೇ ಮುಗಿಸುತ್ತಾರೆ, ಆಗ ಇನ್ನೂ ನಿಧಾನ. ಅದೇ ವಿಮಾನವನ್ನು ಆರನೇ ಒಂದಕ್ಕೆ ಇಳಿಸಿದರೆ ತೂಕದ ಮಿತಿ 4 ಕಿಲೊಗಿಂತ ಕೆಳಕ್ಕೆ ಬರುತ್ತದೆ, ಆದರೆ ಸರ್ವೊ, ಬ್ಯಾಟರಿ, ಎಂಜಿನ್ನುಗಳು ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ರೆಕ್ಕೆಯ ಅಗಲ ಚಿಕ್ಕದಾದಷ್ಟೂ ಗಾಳಿ ಅದರ ಮೇಲೆ ಅಂಟಿ ಹರಿಯಲು ಹಿಂಜರಿಯುತ್ತದೆ. 60 ಅಂಗುಲದ ಬೈಪ್ಲೇನ್‌ಗಳು ಕಣ್ಣಿಗೆ ಮುದ್ದಾಗಿದ್ದರೂ ಇರುವೆ ಕಚ್ಚಿಸಿಕೊಂಡವರಂತೆ ಓಡುತ್ತಿದ್ದುದು ಇದಕ್ಕೇ. ತಪ್ಪು ರೇಡಿಯೊದ್ದಾಗಿರಲಿಲ್ಲ, ಪೈಲಟ್‌ನದೂ ಆಗಿರಲಿಲ್ಲ.

ದೊಡ್ಡ ಅಳತೆಗೆ ದಾರಿ ಮಾಡಿದ್ದು ಎಂಜಿನ್. 1976ರಲ್ಲಿ ಜಪಾನಿನ ಓಎಸ್ ಕಂಪನಿಯ ಎಫ್‌ಎಸ್-60 ಎಂಬ ನಾಲ್ಕು ಸ್ಟ್ರೋಕ್ ಎಂಜಿನ್ ಬಂತು. ಕಡಿಮೆ ಸುತ್ತು, ದೊಡ್ಡ ಪ್ರೊಪೆಲ್ಲರ್, ಕಿವಿ ಕೊರೆಯದ ಸದ್ದು. ಅಗಲ ಮೂತಿಯ, ಗಾಳಿಗೆ ಹೆಚ್ಚು ಅಡ್ಡಿಯಾಗುವ ಬೈಪ್ಲೇನ್‌ಗೆ ಹೇಳಿ ಮಾಡಿಸಿದಂತಿತ್ತು. ಅದೇ ಆಸುಪಾಸಿನಲ್ಲಿ ಮರ ಕೊಯ್ಯುವ ಗರಗಸದ ಪೆಟ್ರೋಲ್ ಎಂಜಿನ್ನುಗಳನ್ನು ತಿದ್ದಿ ವಿಮಾನಕ್ಕೆ ಕೂರಿಸುವುದೂ ಶುರುವಾಯಿತು. ಆಗ ಹುಟ್ಟಿಕೊಂಡ ಕ್ವಾರ್ಟರ್ ಸ್ಕೇಲ್ ಪಂಥವೇ ನನ್ನ ತಲೆಮಾರಿಗೆ ಕಟ್ಟುವುದನ್ನು ಕಲಿಸಿದ್ದು, ಈ ಕ್ಷೇತ್ರದ ಅತ್ಯುತ್ತಮ ಕೆಲಸ ಅದರದ್ದೇ ಎಂದು ನಾನು ಈಗಲೂ ಹೇಳುತ್ತೇನೆ. ಲೂ ಪ್ರಾಕ್ಟರ್‌ನ ನ್ಯೂಪೋರ್, ಜೆನ್ನಿ ಕಿಟ್‌ಗಳು ಮೂಲದ ಕಟ್ಟುವಿಕೆಯನ್ನೇ ಅನುಸರಿಸುವ ಶಿಸ್ತನ್ನು ಆಗಲೇ ತೋರಿಸಿದ್ದವು. ಇಂಗ್ಲೆಂಡಿನ ನಿಯತಕಾಲಿಕಗಳು ಪೂರ್ಣಗಾತ್ರದ ನಕ್ಷೆ ಮಾರುತ್ತಿದ್ದವು. ಅಲ್ಬಟ್ರಾಸ್ ಪ್ರಕಾಶನದ ವಿಂಡ್‌ಸಾಕ್ ಡೇಟಾಫೈಲ್ ಮಾಲೆ ಒಂದೊಂದು ಮಹಾಯುದ್ಧ ವಿಮಾನಕ್ಕೂ ಒಂದೊಂದು ಪುಸ್ತಕ ಮೀಸಲಿಟ್ಟಿತು. ಇವನ್ನು ಮುಂದಿಟ್ಟುಕೊಂಡು ಕಟ್ಟುವ ವಿಧಾನ ಹೊರನೋಟಕ್ಕೆ ಸರಳ. ಟೈಗರ್ ಮಾತ್‌ನ ರೆಕ್ಕೆ ಉದ್ದಕ್ಕೂ ಒಂದೇ ಅಗಲ, ಹಾಗಾಗಿ ಪಕ್ಕೆಲುಬುಗಳನ್ನು ಒಂದೊಂದಾಗಿ ಕತ್ತರಿಸಬೇಕಿಲ್ಲ: ಪ್ಲೈವುಡ್ಡಿನ ಎರಡು ಅಚ್ಚುಗಳ ನಡುವೆ ಬಾಲ್ಸಾ ತುಂಡುಗಳನ್ನು ಅಡಕಿ, ಬೋಲ್ಟ್ ಬಿಗಿದು, ಇಡೀ ಕಟ್ಟನ್ನು ಒಟ್ಟಿಗೆ ಉಜ್ಜಿ, ಸ್ಪಾರ್‌ನ ಕಚ್ಚನ್ನೂ ಒಂದೇ ಸಲ ಕೊರೆದರೆ ಎಲ್ಲವೂ ಒಂದೇ ಅಚ್ಚಿನವು. ಕಷ್ಟ ಶುರುವಾಗುವುದು ಮೇಲಿನ ರೆಕ್ಕೆಯನ್ನು ಹೊರುವ ಕಬೇನ್ ಸ್ಟ್ರಟ್‌ಗಳಲ್ಲಿ. ಪಿಯಾನೊ ತಂತಿಯನ್ನು ಬಗ್ಗಿಸಿ, ಕೂಡುವಲ್ಲಿ ಸಣ್ಣ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಜಿಗ್ ಎಂಬ ಅಚ್ಚುಚೌಕಟ್ಟಿನಲ್ಲಿ ಹಿಡಿದು ಬೆಸುಗೆ ಹಾಕಬೇಕು. ಮುಂದಿನ ಮತ್ತು ಹಿಂದಿನ ಕಾಲುಗಳ ನಡುವೆ 150 ಮಿ.ಮೀ. ಇದ್ದರೆ, ಒಂದು ಕಾಲು 1 ಮಿ.ಮೀ. ಗಿಡ್ಡವಾದರೂ ಮೇಲಿನ ರೆಕ್ಕೆಯ ಕೋನ ಸುಮಾರು 0.4 ಡಿಗ್ರಿ ಬದಲಾಗುತ್ತದೆ. ಎರಡು ರೆಕ್ಕೆಗಳ ಕೋನಗಳ ಅಂತರವನ್ನು ಅರ್ಧ, ಒಂದು ಡಿಗ್ರಿಗಳಲ್ಲಿ ಎಣಿಸುವ ವಿಮಾನದಲ್ಲಿ ಇದು ಸಣ್ಣ ತಪ್ಪಲ್ಲ. ಆ ಕಾಲದ ಒಳ್ಳೆಯ ನಕ್ಷೆಗಳಲ್ಲಿ ಬಣ್ಣಕ್ಕಿಂತ ಹೆಚ್ಚು ಜಾಗ ಜಿಗ್‌ಗೆ ಸಿಕ್ಕಿರುವುದು ಕಾಕತಾಳೀಯವಲ್ಲ.

ತೀರ್ಮಾನದ ಮಾತು ಹೇಳಿದೆನಲ್ಲ, ಅದಕ್ಕೆ ಸಾಪ್‌ವಿತ್ ಕ್ಯಾಮೆಲ್‌ಗಿಂತ ಒಳ್ಳೆಯ ಸಾಕ್ಷಿಯಿಲ್ಲ. 1917ರ ಈ ವಿಮಾನದಲ್ಲಿ ಎಂಜಿನ್, ಇಂಧನ, ಬಂದೂಕು, ಪೈಲಟ್ ಎಲ್ಲವೂ ಮೂತಿಯ ಹಿಂದೆಯೇ ಒತ್ತಾಗಿ ಕೂತಿದ್ದವು. ಭಾರವಾದ ರೋಟರಿ ಎಂಜಿನ್ ಇದ್ದುದರಿಂದ ಗಿಡ್ಡ ಮೂತಿಯಲ್ಲೇ ಸಮತೋಲ ಸಿಗುತ್ತಿತ್ತು. ಮಾದರಿಯಲ್ಲಿ ಆ ಎಂಜಿನ್ ಇಲ್ಲ, ಗಿಡ್ಡ ಮೂತಿ ಮಾತ್ರ ಇದೆ. ಬಾಲದಲ್ಲಿ 10 ಗ್ರಾಂ ಹೆಚ್ಚಾದರೆ ಮೂತಿಯಲ್ಲಿ 30-40 ಗ್ರಾಂ ಸೀಸ ಇಡಬೇಕಾದೀತು. ಹಾಗಾಗಿ ಕ್ಯಾಮೆಲ್ ಕಟ್ಟುವವನು ಮೊದಲು ಬಾಲ ಕಟ್ಟುತ್ತಾನೆ, ಅದನ್ನು ತೂಗುತ್ತಾನೆ, ಒಪ್ಪಿಗೆಯಾಗದಿದ್ದರೆ ಮತ್ತೊಮ್ಮೆ ಕಟ್ಟುತ್ತಾನೆ. ಕೆಲವರು ಮೂತಿಯನ್ನೇ ಒಂದಿಷ್ಟು ಹಿಗ್ಗಿಸಿದರು. ದೂರದಿಂದ ಗೊತ್ತಾಗುವುದಿಲ್ಲ, ಪಕ್ಕದಿಂದ ತೆಗೆದ ಫೋಟೊದಲ್ಲಿ ಮಾತ್ರ ಕ್ಯಾಮೆಲ್‌ನ ಗೂನು ಕಳೆದುಹೋಗಿರುತ್ತದೆ. ಟೈಗರ್ ಮಾತ್‌ನ ಸಮಸ್ಯೆ ಬೇರೆ. ಅದರ ಐಲರಾನ್‌ಗಳು ಕೆಳಗಿನ ರೆಕ್ಕೆಯಲ್ಲಿ ಮಾತ್ರ ಇವೆ, ಒಂದು ಮೇಲೇಳುವಷ್ಟು ಇನ್ನೊಂದು ಕೆಳಗಿಳಿಯದಂತೆ ಅವನ್ನು ಜೋಡಿಸಲಾಗಿದೆ. ಈ ವ್ಯತ್ಯಾಸವನ್ನು ಮಾದರಿಯಲ್ಲಿ ಬಿಟ್ಟರೆ ಬಲಕ್ಕೆ ಹೊರಳಿಸಿದ ವಿಮಾನದ ಮೂತಿ ಎಡಕ್ಕೆ ಎಳೆಯುತ್ತದೆ. ತಂತಿಗಳ ವಿಚಾರದಲ್ಲೂ ಎರಡು ಪಕ್ಷಗಳಿದ್ದವು: ರೆಕ್ಕೆಯನ್ನೇ ಗಟ್ಟಿ ಮಾಡಿ ತಂತಿಯನ್ನು ಅಲಂಕಾರಕ್ಕೆ ಕಟ್ಟುವವರದು ಒಂದು, ಮೂಲದಂತೆ ತಂತಿಯೇ ಭಾರ ಹೊರಬೇಕೆನ್ನುವವರದು ಇನ್ನೊಂದು. ಎರಡನೆಯವರ ರೆಕ್ಕೆ ಹಗುರ, ಅವರ ಮಾತು ಖಂಡಿತ ಸರಿ. ಆದರೆ ಮೈದಾನದಲ್ಲಿ ಜೋಡಿಸುವುದಕ್ಕೆ ಅವರಿಗೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಮೊದಲನೆಯವರು ಎರಡು ಸಲ ಹಾರಿಸಿ ಕಾಫಿ ಕುಡಿದಿರುತ್ತಿದ್ದರು.

ಆಮೇಲೆ ಚೀನಾ, ವಿಯೆಟ್ನಾಂನ ಕಾರ್ಖಾನೆಗಳಿಂದ ಕಟ್ಟಿ ಮುಗಿಸಿ ಹೊದಿಕೆ ಹಾಕಿದ ಎಆರ್‌ಎಫ್ ವಿಮಾನಗಳು ಬಂದವು, ಅಚ್ಚೊತ್ತಿದ ಫೋಮ್ ಬೈಪ್ಲೇನ್‌ಗಳೂ ಬಂದವು. ಇವು ಕೈಕಟ್ಟಿನ ವಿಮಾನಕ್ಕಿಂತ ಚೆನ್ನಾಗಿಯೇ ಹಾರುತ್ತವೆ, ಮತ್ತೇಕೆ ಆ ಶ್ರಮ ಎಂಬುದು ಸಾಮಾನ್ಯ ಆಕ್ಷೇಪ. ಚೆನ್ನಾಗಿ ಹಾರುತ್ತವೆ ಎಂಬುದನ್ನು ಒಪ್ಪಬೇಕು. ಮೊದಲ ಹಾರಾಟದಲ್ಲೇ ಮುರಿದುಬಿದ್ದ ಕೈಕಟ್ಟಿನ ವಿಮಾನಗಳಿಗೆ ಲೆಕ್ಕವಿಲ್ಲ. ಆದರೆ ಕಾರ್ಖಾನೆಗೆ ಸಾವಿರಗಟ್ಟಲೆ ಮಾರಾಟವಾಗುವ ವಿಮಾನ ಬೇಕು, ಹಾಗಾಗಿ ಅಲ್ಲಿಂದ ಬರುವುದು ಪದೇ ಪದೇ ಅದೇ ಟೈಗರ್ ಮಾತ್, ಅದೇ ಸ್ಟಿಯರ್‌ಮನ್, ಅದೇ ಪಿಟ್ಸ್. ಬಾಲ ದೊಡ್ಡದಾಗಿರುತ್ತದೆ, ರೆಕ್ಕೆಯ ಸೀಳುನೋಟ ದಪ್ಪಗಿರುತ್ತದೆ, ಬಟ್ಟೆಯ ಜಾಗದಲ್ಲಿ ಹೊಳೆಯುವ ಪ್ಲಾಸ್ಟಿಕ್ ಹಾಳೆಯಿರುತ್ತದೆ. ತೀರ್ಮಾನಗಳೆಲ್ಲ ಬೇರೆಯವರು ಮಾಡಿ ಮುಗಿಸಿದವು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಲೇಸರ್ ಕಟಿಂಗ್, ಕ್ಯಾಡ್, ಮೂರು ಆಯಾಮದ ಮುದ್ರಣ ಬಂದ ಮೇಲೆ ಕೈಕಟ್ಟು ಎಂಬ ಮಾತಿಗೆ ಅರ್ಥವೇನು? ಪಕ್ಕೆಲುಬನ್ನು ಬ್ಲೇಡ್ ಕತ್ತರಿಸಿತೇ ಲೇಸರ್ ಕತ್ತರಿಸಿತೇ ಎಂಬುದು ನನಗೆ ಮುಖ್ಯವಲ್ಲ, ಮೂಲದ ತೆಳು ಬಾಗಿನ ಸೀಳುನೋಟವನ್ನು ಉಳಿಸಿಕೊಂಡಿರೋ ಇಲ್ಲವೋ ಎಂಬುದು ಮುಖ್ಯ. ಸಿಲಿಂಡರ್, ಬಂದೂಕು, ಡ್ಯಾಷ್‌ಬೋರ್ಡ್‌ಗಳನ್ನು ಮುದ್ರಿಸಿಕೊಳ್ಳುವವರನ್ನು ಕಂಡು ಹಳಬರು ಗೊಣಗುವುದರಲ್ಲಿ ಹುರುಳಿಲ್ಲ. ಗೈರೊ ಅಳವಡಿಸಿದ ರಿಸೀವರ್‌ಗಳ ವಿಚಾರದಲ್ಲಿ ನಿಜವಾದ ಲಾಭವೂ ಇದೆ: ಹಿಂದೆ ಸ್ಥಿರತೆಗೆಂದು ಬಾಲವನ್ನು ಹಿಗ್ಗಿಸಲೇಬೇಕಿದ್ದ ವಿಮಾನಗಳನ್ನು ಈಗ ಸರಿಯಾದ ಅಳತೆಯ ಬಾಲದಲ್ಲಿ ಹಾರಿಸುವ ಧೈರ್ಯ ಬಂದಿದೆ. ಆದರೆ ಗೈರೊ ತೂಕ ಇಳಿಸುವುದಿಲ್ಲ, ವಕ್ರವಾಗಿ ಬೆಸೆದ ಸ್ಟ್ರಟ್ಟನ್ನು ನೆಟ್ಟಗೆ ಮಾಡುವುದಿಲ್ಲ. ವಿಶ್ವ ಸ್ಪರ್ಧೆಗಳಲ್ಲಿ ಕಟ್ಟಿದವನೇ ಹಾರಿಸಬೇಕೆಂಬ ಎಫ್‌4ಸಿ ವರ್ಗದ ಪಕ್ಕದಲ್ಲಿ ಆ ಕಟ್ಟಳೆಯಿಲ್ಲದ ಎಫ್‌4ಎಚ್ ವರ್ಗವನ್ನು ಇಟ್ಟದ್ದು ಉದಾರ ಕ್ರಮವೇ. ಮೊದಲನೆಯದನ್ನು ಉಳಿಸಿಕೊಂಡರು ಎಂಬುದನ್ನೂ ಗಮನಿಸಬೇಕು.

ಇಷ್ಟು ಬೆಳೆದ ಕ್ಷೇತ್ರದಲ್ಲಿ ಯಾವ ವಿಮಾನಗಳು ಮಾದರಿಗಳಾದವು ಎಂದು ನೋಡಿದರೆ, ಆಯ್ಕೆಯ ಹಿಂದೆ ಸಂಗ್ರಹಾಲಯಗಳ ಕೈ ಕಾಣುತ್ತದೆ. ಬೆಡ್‌ಫರ್ಡ್‌ಶೈರ್‌ನ ಓಲ್ಡ್ ವಾರ್ಡನ್‌ನಲ್ಲಿ ಶಟಲ್‌ವರ್ತ್ ಸಂಗ್ರಹ ಎಸ್‌ಇ5ಎ, ಆವ್ರೊ 504, ಬ್ರಿಸ್ಟಲ್ ಫೈಟರ್‌ಗಳನ್ನು ಈಗಲೂ ಹಾರಿಸುತ್ತದೆ, ಮಾದರಿಗಾರರಿಗೂ ಅದೇ ಮೈದಾನ ಬಿಟ್ಟುಕೊಡುತ್ತದೆ. ನ್ಯೂಯಾರ್ಕ್ ರಾಜ್ಯದ ಓಲ್ಡ್ ರೈನ್‌ಬೆಕ್‌ನಲ್ಲಿ ಕೋಲ್ ಪೇಲನ್ ಕಟ್ಟಿದ ಏರೊಡ್ರೋಮ್ ಅಮೆರಿಕಕ್ಕೆ ಅದೇ ಕೆಲಸ ಮಾಡಿತು. ಅಳೆಯಲು, ಮುಟ್ಟಿ ನೋಡಲು ಸಿಕ್ಕ ವಿಮಾನವೇ ನಕ್ಷೆಯಾಗುತ್ತದೆ. ನಮ್ಮಲ್ಲಿ ಅಳೆಯುವವರು ಕಡಿಮೆ. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ 1940ರಿಂದ ಇದೆ, ಆದರೆ ಅದರ ಸ್ವಂತ ವಿನ್ಯಾಸದ 1951ರ ಎಚ್‌ಟಿ-2 ಒಂದೇ ರೆಕ್ಕೆಯದು. ಜೋಡಿರೆಕ್ಕೆಗೆ ಊರಿನ ಅಭಿಮಾನ ಎಳೆದು ತರಬೇಕಿಲ್ಲ. ನಿಜವಾದ ನಂಟು ಬೇರೆ ಕಡೆ ಇದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ವಾಯುದಳ ಸೇರಿದ ಭಾರತೀಯರಲ್ಲಿ ಹರ್ದಿತ್ ಸಿಂಗ್ ಮಲಿಕ್ 28ನೇ ಸ್ಕ್ವಾಡ್ರನ್‌ನಲ್ಲಿ ಕ್ಯಾಮೆಲ್ ಹಾರಿಸಿದರು, ಇಂದ್ರಲಾಲ್ ರಾಯ್ 1918ರಲ್ಲಿ ಎಸ್‌ಇ5ಎ ಹಾರಿಸಿ 10 ವಿಜಯಗಳನ್ನು ಪಡೆದು ಅದೇ ವರ್ಷದ ಜುಲೈಯಲ್ಲಿ ಮಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೇಗಂಪೇಟೆ, ಜೋಧಪುರದ ಶಾಲೆಗಳಲ್ಲಿ ಭಾರತೀಯ ಪೈಲಟ್‌ಗಳು ಹಾರಲು ಕಲಿತದ್ದು ಟೈಗರ್ ಮಾತ್‌ನಲ್ಲಿ. 1933ರ ಏಪ್ರಿಲ್ 1ರಂದು ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಕರಾಚಿಯಲ್ಲಿ ಶುರುವಾದದ್ದು ನಾಲ್ಕು ವೆಸ್ಟ್‌ಲೆಂಡ್ ವಾಪಿಟಿಗಳಿಂದ, ಅವೂ ಬೈಪ್ಲೇನ್‌ಗಳು. ಕೆ-813 ಅಂಕೆಯ ವಾಪಿಟಿಯೊಂದು ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿದೆ.

ವಾಪಿಟಿ ಮಾದರಿಗಾರನಿಗೆ ಕಠಿಣವಾದ ವಿಮಾನವೇನಲ್ಲ. ದುಡ್ಡು ಉಳಿಸಲೆಂದು ವೆಸ್ಟ್‌ಲೆಂಡ್ ಅದಕ್ಕೆ ಹಳೆಯ ಡಿಎಚ್ 9ಎ ವಿಮಾನದ ರೆಕ್ಕೆಗಳನ್ನೇ ಬಳಸಿತ್ತು, ಹಾಗಾಗಿ ರೆಕ್ಕೆಯ ವಿನ್ಯಾಸ ನೇರ, ಪಕ್ಕೆಲುಬುಗಳನ್ನು ಕಟ್ಟು ಕಟ್ಟಾಗಿ ಉಜ್ಜಬಹುದು. ಮೂತಿಯಲ್ಲಿ ಹೊರಗೇ ಕಾಣುವ ಜುಪಿಟರ್ ಎಂಜಿನ್ನಿನ 9 ಸಿಲಿಂಡರ್‌ಗಳನ್ನು ಮುದ್ರಿಸಿಕೊಂಡು ಅವುಗಳ ಹಿಂದೆ ವಿದ್ಯುತ್ ಮೋಟರ್ ಅಡಗಿಸಬಹುದು. ಕಾನೂನೂ ಅಡ್ಡ ಬರುವುದಿಲ್ಲ: 2021ರ ಡ್ರೋನ್ ನಿಯಮಗಳು 25 ಕಿಲೊ ಒಳಗಿನ, ಕಣ್ಣಳತೆಯಲ್ಲಿ ಮನರಂಜನೆಗೋ ಕಲಿಕೆಗೋ ಹಾರಿಸುವ ಮಾದರಿಗಳನ್ನು ಬೇರೆಯಾಗಿ ಗುರುತಿಸಿ, ಅವಕ್ಕೆ ಟೈಪ್ ಸರ್ಟಿಫಿಕೇಟ್ ಬೇಡವೆಂದಿವೆ. ಎಂಜಿನಿಯರಿಂಗ್ ಕಾಲೇಜುಗಳು ಭಾರ ಹೊರುವ ಸ್ಪರ್ಧೆಗಳಿಗೆ ವರ್ಷ ವರ್ಷವೂ ಮಾದರಿ ಕಟ್ಟುತ್ತವೆ, ಎನ್‌ಸಿಸಿ ವಾಯುದಳದ ಹುಡುಗರು ಬಾಲ್ಸಾ ಕೊಯ್ಯುವುದನ್ನು ಕಲಿಯುತ್ತಾರೆ. ಕೈಗಳು ಇವೆ, ಲೇಸರ್ ಕಟಿಂಗ್ ಅಂಗಡಿಗಳು ಊರೂರಿನಲ್ಲಿವೆ. ಪಾಲಂ ವಿಮಾನದ ಸ್ಟ್ರಟ್‌ಗಳ ಅಡ್ಡಸೀಳು, ಪಕ್ಕೆಲುಬುಗಳ ನಡುವಿನ ಅಂತರ, ತಂತಿಗಳ ತುದಿಯ ಜೋಡಣೆ, ಈ ಮೂರನ್ನು ಇಬ್ಬರು ಹುಡುಗರು ಅನುಮತಿ ಪಡೆದು ಎರಡು ದಿನ ಕೂತು ಅಳೆದರೆ ಮಿಕ್ಕದ್ದನ್ನು ಹಳೆಯ ಫೋಟೊಗಳಿಂದ ತುಂಬಿಕೊಳ್ಳಬಹುದು. ಮೂಲದ ಹರವು 14.15 ಮೀಟರ್. ಆರನೇ ಒಂದು ಅಳತೆಯಲ್ಲಿ ಅದು 2.36 ಮೀಟರ್ ಆಗುತ್ತದೆ, ರೆಕ್ಕೆಗಳನ್ನು ಬಿಚ್ಚಿದರೆ ಮಾಮೂಲಿ ಕಾರಿನಲ್ಲಿ ಹಿಡಿಸುತ್ತದೆ.