ಕೌಟುಂಬಿಕ ವೈದ್ಯಶಾಸ್ತ್ರ ವಿಭಾಗ

ವಯಸ್ಸು, ಲಿಂಗ, ರೋಗಗಳ ಭೇದವಿಲ್ಲದೆ ರೋಗಿಯನ್ನೂ ಅವರ ಮನೆಮಂದಿಯನ್ನೂ ವರ್ಷಗಟ್ಟಲೆ ನೋಡಿಕೊಳ್ಳುವ ವೈದ್ಯರನ್ನು, ಅಂದರೆ ಆಡುಮಾತಿನ ‘ಫ್ಯಾಮಿಲಿ ಡಾಕ್ಟರ’ರನ್ನು, ತಯಾರು ಮಾಡುವ ವಿಶ್ವವಿದ್ಯಾಲಯದ ವಿಭಾಗ. ಬೋಧನೆ, ಸಂಶೋಧನೆಗಳ ಜೊತೆಗೆ ಸುತ್ತಲಿನ ಜನವಸತಿಯ ಪ್ರಾಥಮಿಕ ಆರೈಕೆಯ, ಎಂದರೆ ಕಾಯಿಲೆ ಬಿದ್ದವರು ಮೊದಲು ಬಾಗಿಲು ತಟ್ಟುವ ಹಂತದ ಚಿಕಿತ್ಸೆಯ, ಹೊಣೆಯನ್ನೂ ಇದು ಹೊರುತ್ತದೆ. ಸಮುದಾಯ ವೈದ್ಯಶಾಸ್ತ್ರ ವಿಭಾಗದೊಡನೆ ಇದನ್ನು ಗೊಂದಲ ಮಾಡಿಕೊಳ್ಳುವುದುಂಟು. ಅದು ಜನಸಮೂಹದಲ್ಲಿ ರೋಗ ಹರಡುವ ಬಗೆಯನ್ನೂ ತಡೆಯುವ ಉಪಾಯಗಳನ್ನೂ ಅಭ್ಯಾಸ ಮಾಡಿದರೆ, ಇದು ಎದುರಿಗೆ ಕುಳಿತ ರೋಗಿಯಿಂದ ಹೊರಟು ಅವರ ಮನೆ, ಕೇರಿಗಳತ್ತ ಸಾಗುತ್ತದೆ.

ಇಂಥ ವಿಭಾಗ ಏಕೆ ಬೇಕೆಂಬುದಕ್ಕೆ ಅಮೆರಿಕದ ಕೆರ್ ವೈಟ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ಲೆಕ್ಕವೇ ಸಾಕು. ಅದರಂತೆ 1,000 ವಯಸ್ಕರಲ್ಲಿ ಒಂದು ತಿಂಗಳ ಅವಧಿಯಲ್ಲಿ 750 ಮಂದಿಗೆ ಏನಾದರೊಂದು ಕಾಯಿಲೆ ಅಥವಾ ಪೆಟ್ಟು ಕಾಣಿಸಿಕೊಳ್ಳುತ್ತದೆ, 250 ಮಂದಿ ವೈದ್ಯರಲ್ಲಿಗೆ ಹೋಗುತ್ತಾರೆ, 9 ಮಂದಿ ಆಸ್ಪತ್ರೆಗೆ ದಾಖಲಾಗುತ್ತಾರೆ; ವಿಶ್ವವಿದ್ಯಾಲಯದ ಆಸ್ಪತ್ರೆಯವರೆಗೆ ಹೋಗುವವರು ಒಬ್ಬರು ಮಾತ್ರ. ವೈದ್ಯ ವಿದ್ಯಾರ್ಥಿಗಳು ಮಾತ್ರ ಕಲಿಯುತ್ತಿದ್ದುದು ಆ ಒಬ್ಬರ ಹಾಸಿಗೆಯ ಪಕ್ಕದಲ್ಲಿ ನಿಂತು.

ಈ ಕೊರತೆಯ ಅರಿವು ಮೊದಲು ಮೂಡಿದ ವಿಶ್ವವಿದ್ಯಾಲಯಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಒಂದು. ಸಾಮಾನ್ಯ ವೈದ್ಯವೃತ್ತಿಗೆಂದೇ ಜಗತ್ತಿನ ಮೊದಲ ಪ್ರಾಧ್ಯಾಪಕ ಪೀಠ ಅಲ್ಲಿ 1963ರಲ್ಲಿ ಸ್ಥಾಪನೆಯಾಯಿತು. ರಿಚರ್ಡ್ ಸ್ಕಾಟ್ ಅದರ ಮೊದಲ ಪ್ರಾಧ್ಯಾಪಕರಾದರು. 1968ರಲ್ಲಿ ಇಯಾನ್ ಮೆಕ್‌ವಿನ್ನಿ ಕೆನಡಾದ ವೆಸ್ಟರ್ನ್ ಒಂಟಾರಿಯೊದಲ್ಲಿ ಆ ದೇಶದ ಮೊದಲ ಕೌಟುಂಬಿಕ ವೈದ್ಯಶಾಸ್ತ್ರ ಪ್ರಾಧ್ಯಾಪಕರಾದರೆ, ಮರುವರ್ಷ ಅಮೆರಿಕ ಇದನ್ನು ಸ್ವತಂತ್ರ ತಜ್ಞಶಾಖೆಯೆಂದು ಮನ್ನಿಸಿತು.

ವಿಭಾಗದ ನಿಜವಾದ ಪಾಠಶಾಲೆ ಅದರ ಹೊರರೋಗಿ ಚಿಕಿತ್ಸಾಲಯ ಮತ್ತು ಮನೆಭೇಟಿ. ಸಕ್ಕರೆ ಕಾಯಿಲೆಯ ವೃದ್ಧೆಯೊಬ್ಬರಿಗೆ ಬರೆದುಕೊಟ್ಟ ಇನ್ಸುಲಿನ್ ಏಕೆ ನಾಟುತ್ತಿಲ್ಲವೆಂಬುದು ಪ್ರಯೋಗಾಲಯದ ವರದಿಯಲ್ಲಿ ಸಿಗದೆ, ಫ್ರಿಜ್ ಇಲ್ಲದ ಮನೆಯ ಒಲೆಯ ಪಕ್ಕದ ಗೂಡಿನಲ್ಲಿಟ್ಟ ಸೀಸೆಯನ್ನು ಕಂಡಾಗಲಷ್ಟೇ ತಿಳಿಯಬಹುದು. ಅದನ್ನು ನೀರು ತುಂಬಿದ ಮಣ್ಣಿನ ಮಡಕೆಯ ತಂಪಿನಲ್ಲಿ ಇಡಲು ಹೇಳಿಕೊಡುವುದೂ ಇಲ್ಲಿ ಚಿಕಿತ್ಸೆಯೇ. ಇಬ್ಬರು ತಜ್ಞರು ಬೇರೆ ಬೇರೆ ಹೆಸರಿನಲ್ಲಿ ಬರೆದ ಒಂದೇ ಮಾತ್ರೆಯನ್ನು ಗುರುತಿಸಿ ನಿಲ್ಲಿಸುವುದು, ತಜ್ಞರಲ್ಲಿಗೆ ಯಾರನ್ನು ಯಾವಾಗ ಕಳುಹಿಸಬೇಕೆಂದು ತೀರ್ಮಾನಿಸುವುದು, ಹಿಂದಿರುಗಿದವರನ್ನು ಮತ್ತೆ ವಿಚಾರಿಸಿಕೊಳ್ಳುವುದು ಇದೇ ಕೆಲಸದ ಮುಂದುವರಿಕೆ. ಯಂತ್ರ, ಶಸ್ತ್ರಚಿಕಿತ್ಸೆಗಳಿಂದ ವರಮಾನ ಕಾಣುವ ದೊಡ್ಡ ಆಸ್ಪತ್ರೆಯ ಲೆಕ್ಕಪುಸ್ತಕದಲ್ಲಿ ಇಂಥ ದುಡಿಮೆಗೆ ಕಾಲಂ ಸಿಗುವುದು ಕಷ್ಟ.

ಭಾರತದಲ್ಲಿ 2002ರ ರಾಷ್ಟ್ರೀಯ ಆರೋಗ್ಯ ನೀತಿಯೇ ಕೌಟುಂಬಿಕ ವೈದ್ಯಶಾಸ್ತ್ರದ ತಜ್ಞರ ಅಗತ್ಯವನ್ನು ಹೇಳಿದ್ದರೂ, ಹೆಚ್ಚಿನ ವೈದ್ಯಕೀಯ ಕಾಲೇಜುಗಳಲ್ಲಿ ಈ ವಿಭಾಗವಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಇದಕ್ಕೆ ಅಪವಾದ: ಊರಿನ ಬಡವರಿಗೆಂದು 1982ರಲ್ಲಿ ಅದು ಆರಂಭಿಸಿದ ಕಡಿಮೆ ವೆಚ್ಚದ ಚಿಕಿತ್ಸಾ ಘಟಕ ಇಂದು ಕೌಟುಂಬಿಕ ವೈದ್ಯರ ತರಬೇತಿಯ ನೆಲೆಯೂ ಆಗಿದೆ.